‘ಕ್ಯಾಶ್ ಮಾತ್ರ’: ಒಂದು ಕಾಂಡಿಮೆಂಟ್ಸ್ ಅಂಗಡಿಯ ಹನ್ನೆರಡು ದಿನ

2025ರ ಜುಲೈ 14, ಸೋಮವಾರ. ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೋದರೆ, ಬೆಂಗಳೂರಿನ ನಮ್ಮ ಬೀದಿ ತಿರುವಿನ ಕಾಂಡಿಮೆಂಟ್ಸ್ ಅಂಗಡಿಯ ಗಾಜಿನ ಮೇಲೆ ಎಂದಿನ ಕ್ಯೂಆರ್ ಕೋಡ್ ಕಾಣಲಿಲ್ಲ. ಅದರ ಮೇಲೊಂದು ಗೆರೆ ಹಾಳೆ, ನಾಲ್ಕೂ ಮೂಲೆಗೆ ಸೆಲ್ಲೋಟೇಪು. ‘ಯು.ಪಿ.ಐ. ಇಲ್ಲ. ಕ್ಯಾಶ್ ಮಾತ್ರ. ದಯವಿಟ್ಟು ಸಹಕರಿಸಿ.’ ದಿನವಿಡೀ ಮಾತಾಡುತ್ತಿದ್ದ ಸೌಂಡ್‌ಬಾಕ್ಸನ್ನು ಚಾರ್ಜರ್ ಕಿತ್ತು ಬ್ರೆಡ್ ಟ್ರೇ ಹಿಂದೆ ಮಲಗಿಸಿದ್ದರು.

ಅಂಗಡಿ ಶೆಟ್ಟರದು. ಕುಂದಾಪುರದ ಕಡೆಯವರು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಅವರಿಗೇನೂ ನೋಟಿಸ್ ಬಂದಿರಲಿಲ್ಲ. ಬಂದದ್ದು ಇನ್ನೊಂದು ಬಡಾವಣೆಯಲ್ಲಿ ಬೇಕರಿ ಇಟ್ಟಿರುವ ಅವರ ಭಾವನಿಗೆ. “ಭಾವ ರಾತ್ರಿ ಫೋನ್ ಮಾಡಿ ಅತ್ತೇ ಬಿಟ್ರು ಸರ್. ಎಂತ ಮಾಡುದು ಹೇಳಿ. ನಾನೂ ಅದೇ ಹಾಲು, ಅದೇ ಬನ್ ಮಾರುದಲ್ವಾ?”

ಆ ಅಂಗಡಿಯಲ್ಲಿ ದಿನಕ್ಕೆ ಎರಡು ಸಲ ಚಹಾ ಕುಡಿಯುವವನು ನಾನು. ಆ ಹಾಳೆ ಗಾಜಿನ ಮೇಲಿದ್ದ ಹನ್ನೆರಡು ದಿನ ಸ್ವಲ್ಪ ಹೆಚ್ಚೇ ಹೊತ್ತು ನಿಂತು ನೋಡಿದೆ. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಆಗ ವ್ಯಾಪಾರಿಗಳ ಮಾತಿತ್ತು, ಮಂತ್ರಿಗಳ ಮಾತಿತ್ತು. ಫೋನ್ ಹಿಡಿದುಕೊಂಡು ಕಟ್ಟೆಯ ಈಚೆ ನಿಂತವರ ಕಥೆ ಅಷ್ಟಾಗಿ ಬರಲಿಲ್ಲ. ಇದು ಅವರದು.

ಹಾಳೆ ಯಾಕೆ ಬಂತು

ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಸೇವೆ ಕೊಡುವ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಮಾಹಿತಿ ತರಿಸಿಕೊಂಡಿತು. ಜಿಎಸ್‌ಟಿ ನೋಂದಣಿ ಇಲ್ಲದೆ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಯುಪಿಐ ಮೂಲಕವೇ ಪಡೆದವರನ್ನು ಹುಡುಕಿ ನೋಟಿಸ್ ಕಳಿಸಿತು. ಕೊನೆಗೆ ಹೊರಬಂದ ಲೆಕ್ಕ, ಸುಮಾರು 9,000 ವ್ಯಾಪಾರಿಗಳಿಗೆ 18,000 ನೋಟಿಸ್.

ಸರಕು ಮಾರುವವರಿಗೆ ನೋಂದಣಿ ಕಡ್ಡಾಯವಾಗುವ ಮಿತಿ ಅದು. 40 ಲಕ್ಷ ಎಂದರೆ ದೊಡ್ಡ ಮೊತ್ತವಾಗಿ ಕೇಳಿಸುತ್ತದೆ. 365ರಿಂದ ಭಾಗಿಸಿ, ದಿನಕ್ಕೆ ಹನ್ನೊಂದು ಸಾವಿರವೂ ಆಗುವುದಿಲ್ಲ. ಹಾಲು ಮಾರುವ ಅಂಗಡಿಗೆ ಇದು ದೊಡ್ಡ ವಹಿವಾಟಲ್ಲ. ನೂರೈವತ್ತು ಲೀಟರ್ ನೀಲಿ ಪ್ಯಾಕೆಟ್ ಹಾಲು, ಲೀಟರಿಗೆ ಆಗಿನ 46 ರೂಪಾಯಿಯಂತೆ ದಿನಕ್ಕೆ 6,900. ವರ್ಷಕ್ಕೆ 25 ಲಕ್ಷದ ಮೇಲೆ. ಇದರ ಜೊತೆಗೆ ಸಿಗರೇಟು, ಬಿಸ್ಕತ್ತು ಸೇರಿ ದಿನಕ್ಕೆ 4,100 ಎಂದು ಹಿಡಿದರೆ ಇನ್ನೊಂದು 15 ಲಕ್ಷ. ಮಿತಿ ದಾಟಿತು.

“ಹಾಲಿಗೆ ಟ್ಯಾಕ್ಸೇ ಇಲ್ಲವಲ್ಲ, ಅದನ್ನ್ಯಾಕೆ ಸೇರಿಸ್ತೀರಿ?” ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲೇ ಇರುವುದು ಸಿಕ್ಕು. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವನಿಗೆ ನೋಂದಣಿ ಬೇಡ. ಆದರೆ ಹಾಲಿನ ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇಟ್ಟರೂ ಒಟ್ಟು ವಹಿವಾಟಿನ ಲೆಕ್ಕಕ್ಕೆ ಹಾಲೂ ಸೇರುತ್ತದೆ. ತೆರಿಗೆ ಕಟ್ಟುವುದು ಬಿಸ್ಕತ್ತಿಗೆ ಮಾತ್ರ, ಮಿತಿ ಅಳೆಯುವುದು ಹಾಲನ್ನೂ ಸೇರಿಸಿ. ಇದು ಗೊತ್ತಿದ್ದ ಅಂಗಡಿಯವರು ನಮ್ಮ ಬೀದಿಯಲ್ಲಂತೂ ಒಬ್ಬರೂ ಇರಲಿಲ್ಲ. ಅಂಗಡಿ ಮುಂದೆ ನಿಂತು ತೆರಿಗೆಯ ಬಗ್ಗೆ ಭಾಷಣ ಮಾಡುತ್ತಿದ್ದ ಗಿರಾಕಿಗಳಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಓದಿ ತಿಳಿದುಕೊಂಡೆ. ಇನ್ನು ಚಹಾ ಮಾಡಿ ಕೊಡುವುದು ಸೇವೆ, ಅದರ ಮಿತಿ 20 ಲಕ್ಷ. ಹಾಲು, ಬಿಸ್ಕತ್ತು, ಚಹಾ ಮೂರನ್ನೂ ಒಂದೇ ಕಟ್ಟೆಯ ಮೇಲೆ ಕೊಡುವವನ ಪಾಡು ಕೇಳಲೇಬೇಡಿ.

ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದದ್ದು ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಕಥೆ. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಯುಪಿಐ ವಹಿವಾಟು, ಕೈಗೆ ಬಂದದ್ದು 29 ಲಕ್ಷದ ನೋಟಿಸ್. 1.63 ಕೋಟಿಗೆ ನೂರಕ್ಕೆ 18ರಂತೆ ಎಷ್ಟು ಎಂದು ಹಾಕಿ ನೋಡಿ, ಹೆಚ್ಚುಕಡಿಮೆ ಅದೇ ಮೊತ್ತ. ತಾಜಾ ತರಕಾರಿಗೆ ತೆರಿಗೆ ಸೊನ್ನೆ. ಈ ಸುದ್ದಿ ಓದಿದ ಮೇಲೆ, ಶೆಟ್ಟರ ಕೈ ಮೊದಲೇ ಸೆಲ್ಲೋಟೇಪಿಗೆ ಹೋಗಿದ್ದರಲ್ಲಿ ನನಗೇನೂ ಆಶ್ಚರ್ಯ ಉಳಿಯಲಿಲ್ಲ.

ಕುಡಿದ ಮೇಲೆ ಜಗಳ

ಮೊದಲ ದಿನದ ಜಗಳಗಳೆಲ್ಲ ಒಂದೇ ಥರ. ದರ್ಶಿನಿಯಲ್ಲಿ ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ಇಡ್ಲಿ. ಕಾಂಡಿಮೆಂಟ್ಸ್‌ನಲ್ಲಿ ಇದು ತಿರುಗುಮುರುಗು. ಬಂದವರು “ಎರಡು ಟೀ, ಒಂದು ಖಾರ ಬನ್” ಎಂದು ಹೇಳಿ, ನಿಂತಲ್ಲೇ ತಿಂದು ಕುಡಿದು, ಹೊರಡುವಾಗ ಫೋನ್ ತೆಗೆಯುತ್ತಾರೆ. ಹಾಳೆ ಕಣ್ಣಿಗೆ ಬೀಳುವುದು ಆಗ.

“ಅಣ್ಣ, ಸ್ಕ್ಯಾನರ್ ಎಲ್ಲಿ?”

“ಸ್ಕ್ಯಾನರ್ ಇಲ್ಲ ಸರ್, ಕ್ಯಾಶ್ ಕೊಡಿ.”

“ಮೊದಲೇ ಹೇಳ್ಬೇಕಿತ್ತಲ್ವಾ? ಕುಡಿದಾಯ್ತು ಈಗ.”

“ಬೋರ್ಡ್ ಹಾಕಿದೀನಲ್ಲ ಸರ್.”

“ಇದು ಬೋರ್ಡಾ?”

ಈ ಸಂಭಾಷಣೆಯನ್ನು ಮೊದಲ ದಿನ ಬೆಳಿಗ್ಗೆ ಒಂದು ಗಂಟೆಯಲ್ಲಿ ಐದು ಸಲ ಕೇಳಿದೆ. ಅವರಿಗೆ ಸಿಟ್ಟು ಬಂದದ್ದು ನಗದು ಕೇಳಿದ್ದಕ್ಕಲ್ಲ. ಖಾಲಿ ಲೋಟ ಕೈಯಲ್ಲಿಟ್ಟುಕೊಂಡು, ನಾಲ್ಕು ಜನರ ಮುಂದೆ, ಹದಿನೈದು ರೂಪಾಯಿಗೆ ಗತಿಯಿಲ್ಲದವರ ಹಾಗೆ ನಿಲ್ಲಬೇಕಾಯಿತಲ್ಲ, ಅದಕ್ಕೆ. ಅದೇ ಜನ ಹಾಲಿನ ಪ್ಯಾಕೆಟ್ಟಿಗೆ ಬಂದಾಗ ಇಷ್ಟು ರೇಗಲಿಲ್ಲ. “ಓ, ಇಲ್ವಾ” ಎಂದು ಪ್ಯಾಕೆಟ್ ಕೆಳಗಿಟ್ಟು ಹೋದರು. ಕೊಂಡುಕೊಳ್ಳುವ ಮೊದಲು ಇಲ್ಲ ಅನ್ನಿಸಿಕೊಂಡರೆ ಬೇಜಾರು, ಕೊಂಡ ಮೇಲೆ ಅನ್ನಿಸಿಕೊಂಡರೆ ಅವಮಾನ. ಶೆಟ್ಟರೂ ಮಧ್ಯಾಹ್ನದ ಹೊತ್ತಿಗೆ ಇದನ್ನು ಕಂಡುಕೊಂಡರು. ಹುಡುಗನನ್ನು ಒಲೆಯ ಹತ್ತಿರದಿಂದ ಎಬ್ಬಿಸಿ ಮುಂದೆ ನಿಲ್ಲಿಸಿದರು. ಯಾರು “ಒಂದು ಟೀ” ಎಂದರೂ ಅವನದು ಒಂದೇ ಮಾತು, “ಚೇಂಜ್ ಇದ್ಯಾ ಸರ್?” ಎರಡನೇ ದಿನದಿಂದ ಜಗಳ ಅರ್ಧಕ್ಕರ್ಧ ಇಳಿಯಿತು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಬುಧವಾರ. ಬೆಳಿಗ್ಗೆ ಬೀದಿ ಗುಡಿಸುವವರು, ಆಟೋದವರು, ಪೇಪರ್ ಹಾಕುವ ಹುಡುಗರು, ಹೂ ಮಾರುವ ಅಮ್ಮ, ವಾಕಿಂಗ್ ಮುಗಿಸಿ ಬರುವ ಪಿಂಚಣಿದಾರರು, ಇವರ್ಯಾರಿಗೂ ಗಾಜಿನ ಮೇಲೆ ಹಾಳೆ ಅಂಟಿಸಿದ್ದೇ ಗೊತ್ತಿಲ್ಲ. ಸೊಂಟದ ಚೀಲದಿಂದಲೋ ಅಂಗಿ ಜೇಬಿನಿಂದಲೋ ನಾಣ್ಯ ತೆಗೆದರು, ಕುಡಿದರು, ಹೋದರು. ಎಂಟೂವರೆಯ ಮೇಲೆ ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡವರು ಬರಲು ಶುರುವಾದರೆ ಪರದಾಟವೂ ಶುರು. ತಿಂಗಳಿಗೆ ಲಕ್ಷ ಎಣಿಸುವವರು ಪಕ್ಕದವರ ಹತ್ತಿರ “ಗುರು, ಟ್ವೆಂಟಿ ರುಪೀಸ್ ಕ್ಯಾಶ್ ಇದ್ಯಾ?” ಎಂದು ಕೇಳುತ್ತಿದ್ದರು.

ಇವರ ನಡುವೆ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಡೆಲಿವರಿ ಹುಡುಗರು. ದುಡಿದ ದುಡ್ಡು ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಎಟಿಎಂ ಹುಡುಕಿಕೊಂಡು ಹೋಗಲು ಹೊತ್ತಿಲ್ಲ, ಆರ್ಡರ್ ಕಾಯುವುದಿಲ್ಲ. ಹೋದರೂ ಯಂತ್ರ ಕೊಡುವುದು ಐನೂರರ ನೋಟು. ಹದಿನೈದು ರೂಪಾಯಿ ಚಹಾಕ್ಕೆ ಐನೂರರ ನೋಟು ಒಡ್ಡಿದರೆ ಶೆಟ್ಟರ ಮುಖ ನೋಡಬೇಕಿತ್ತು. ಬ್ಯಾಂಕುಗಳು ತಮ್ಮ ಎಟಿಎಂಗಳಲ್ಲಿ ನೂರು, ಇನ್ನೂರರ ನೋಟು ಇಡಬೇಕೆಂದು ರಿಸರ್ವ್ ಬ್ಯಾಂಕ್ ಅದೇ ವರ್ಷ ಏಪ್ರಿಲ್‌ನಲ್ಲಿ ಹೇಳಿತ್ತು, ಆದರೆ ಕೊಟ್ಟ ಮೊದಲ ಗಡುವು ಸೆಪ್ಟೆಂಬರ್ ಕೊನೆ. ಉಚಿತ ಮಿತಿ ಮುಗಿದ ಮೇಲೆ ಒಂದೊಂದು ಸಲ ಹಣ ತೆಗೆಯಲು 23 ರೂಪಾಯಿವರೆಗೆ ಶುಲ್ಕ, ಅದು ಮೇ 1ರಿಂದ ಬಂದ ಹೊಸ ದರ. ಒಂದು ಚಹಾದ ಬೆಲೆಗಿಂತ ಜಾಸ್ತಿ.

ಪರಿಹಾರ ಹುಟ್ಟಿದ್ದು ಪಕ್ಕದ ಆಟೋ ಸ್ಟ್ಯಾಂಡಿನಲ್ಲಿ. ಅಲ್ಲಿನ ಒಬ್ಬರು “ನನಗೆ ಫೋನ್‌ಪೇ ಮಾಡಿ, ನಾನು ಕ್ಯಾಶ್ ಕೊಡ್ತೀನಿ” ಎಂದು ಶುರುಮಾಡಿದರು. ಮೊದಲೆರಡು ದಿನ ನೂರಕ್ಕೆ ನೂರು ಕೊಟ್ಟರು. ಮೂರನೇ ದಿನದಿಂದ ನೂರಕ್ಕೆ ತೊಂಬತ್ತೈದು. ಯಾರೂ ತಕರಾರು ಮಾಡಲಿಲ್ಲ.

‘ನಮ್ಮ ಸಂಬಳದಲ್ಲಿ ಮೊದಲೇ ಕಟ್’

ಗುರುವಾರ ಸಂಜೆ ಆ ವಾರದ ದೊಡ್ಡ ವಾಗ್ವಾದ ನಡೆಯಿತು. ಮೂವತ್ತರ ಆಸುಪಾಸಿನವರೊಬ್ಬರು, ಬೇರೆ ದಿನಗಳಲ್ಲಿ ನಗುತ್ತ ಮಾತಾಡುವವರೇ, ಹಾಳೆಯ ಮೇಲೆ ಬೆರಳಿಟ್ಟು ಹೇಳಿದರು: “ಅಣ್ಣ, ಬೇಜಾರ್ ಮಾಡ್ಕೋಬೇಡಿ. ನಮ್ ಸಂಬಳ ಕೈಗೆ ಬರೋಕೆ ಮುಂಚೆನೇ ಟ್ಯಾಕ್ಸ್ ಕಟ್ ಆಗತ್ತೆ. ಇಲ್ಲಿ ಕ್ಯಾಶ್ ಮಾತ್ರ ಅಂದ್ರೆ ಏನರ್ಥ? ಲೆಕ್ಕ ತೋರಿಸಲ್ಲ ಅಂತ ತಾನೆ?”

ಶೆಟ್ಟರು ಒಂದು ಕ್ಷಣ ಸುಮ್ಮನಿದ್ದರು. “ಕಾಣಿ ಸರ್, ಈ ಬಿಸ್ಕತ್ ಪ್ಯಾಕೆಟ್ ಮೇಲೆ ಎಂಆರ್‌ಪಿ ಇದೆ. ಅದ್ರೊಳಗೆ ಟ್ಯಾಕ್ಸ್ ಸೇರಿಯೇ ನನಗೆ ಬರುದು. ಕಂಪನಿಯವ್ರು ಕಟ್ಟಿ ಆಗಿದೆ. ಈಗ ಪುನಃ ನನ್ ಹತ್ರ ಕೇಳಿದ್ರೆ ನಾ ಎಲ್ಲಿಂದ ತರ್ಲಿ?”

ನನ್ನ ಎಣಿಕೆಯಲ್ಲಿ ಇಬ್ಬರ ಮಾತೂ ಮುಕ್ಕಾಲುಪಾಲು ಸರಿ. ಸಂಬಳದಾರರ ಸಿಟ್ಟು ಸುಳ್ಳಲ್ಲ, ಸಾಮಾಜಿಕ ಜಾಲತಾಣಗಳಲ್ಲಿ ಆ ವಾರ ಹರಿದಾಡಿದ್ದೂ ಹೆಚ್ಚಾಗಿ ಇದೇ ಮಾತು. ಆದರೆ ಅವರು ಆದಾಯ ತೆರಿಗೆಯನ್ನೂ ಜಿಎಸ್‌ಟಿಯನ್ನೂ ಒಂದೇ ಚೀಲಕ್ಕೆ ಹಾಕಿದ್ದರು. ಶೆಟ್ಟರ ವಾದವೂ ಪೂರ್ತಿ ನಿಲ್ಲುವುದಿಲ್ಲ. ಕಂಪನಿ ಕಟ್ಟಿದ್ದು ತನ್ನ ಬೆಲೆಯ ಮೇಲೆ, ಅಂಗಡಿಯವನ ಲಾಭದ ಪಾಲಿನ ಮೇಲಿನ ತೆರಿಗೆ ಉಳಿದೇ ಇರುತ್ತದೆ. ನೋಂದಣಿ ಇದ್ದಿದ್ದರೆ ಮೊದಲು ಕಟ್ಟಿದ್ದನ್ನು ಕಳೆದು ಆ ಸಣ್ಣ ವ್ಯತ್ಯಾಸ ಕಟ್ಟಬಹುದಿತ್ತು. ಇಲ್ಲವೇ ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿ ಇದೆ, ಸರಕು ಮಾರುವವರಿಗೆ ತೆರಿಗೆ ಇರುವ ಮಾರಾಟದ ಮೇಲೆ ನೂರಕ್ಕೆ ಒಂದು. ಮೇಲೆ ಹಾಕಿದ ಲೆಕ್ಕದ ಅಂಗಡಿಗಾದರೆ ವರ್ಷಕ್ಕೆ ಹದಿನೈದು ಸಾವಿರದ ಆಸುಪಾಸು. ನೋಂದಣಿ ಇಲ್ಲದವನಿಗೆ ಈ ಎರಡೂ ಬಾಗಿಲು ಮುಚ್ಚಿರುತ್ತವೆ. ಲಕ್ಷಗಟ್ಟಲೆ ಮೊತ್ತದ ನೋಟಿಸ್ ಬರುವುದು ಹೀಗೆ.

ಇನ್ನು ಹಾಳೆಯ ವಿಷಯ. ತೆರಿಗೆ ಬೀಳುವುದು ವಹಿವಾಟಿಗೆ, ಅದು ನಗದಾದರೂ ಒಂದೇ ಯುಪಿಐ ಆದರೂ ಒಂದೇ ಎಂದು ಇಲಾಖೆ ಆ ದಿನಗಳಲ್ಲೇ ಸ್ಪಷ್ಟಪಡಿಸಿತು. ಹಿಂದಿನ ನಾಲ್ಕು ವರ್ಷದ ಲೆಕ್ಕ ಹೇಗೂ ಅವರ ಕೈಯಲ್ಲಿತ್ತು, ಇವತ್ತು ಕ್ಯೂಆರ್ ಮುಚ್ಚಿದರೆ ಅದು ಅಳಿಸಿಹೋಗುವುದಿಲ್ಲ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಆ ಹಾಳೆಯಿಂದ ಏನೂ ಉಪಯೋಗವಿರಲಿಲ್ಲ. ಶೆಟ್ಟರಿಗೆ ಇದನ್ನು ಹೇಳಿದೆ. “ಗೊತ್ತು ಸರ್. ಆದ್ರೆ ಏನೋ ಒಂದು ಮಾಡ್ಬೇಕಲ್ಲ” ಎಂದರು.

ಗಿರಾಕಿಗಳಲ್ಲಿ ಒಬ್ಬರು ಕಾನೂನನ್ನೇ ಹಿಡಿದುಕೊಂಡು ಬಂದರು: “ಯುಪಿಐ ತಗೊಳಲ್ಲ ಅನ್ನೋಕೆ ನಿಮಗೆ ಅಧಿಕಾರ ಇಲ್ಲ, ಕಂಪ್ಲೇಂಟ್ ಮಾಡ್ತೀನಿ.” ಅಧಿಕಾರ ಇದೆ. ಡಿಜಿಟಲ್ ಪಾವತಿಯ ವ್ಯವಸ್ಥೆ ಇಟ್ಟಿರಲೇಬೇಕು ಎಂದು ಆಗಿನ ಆದಾಯ ತೆರಿಗೆ ಕಾಯ್ದೆಯ 269ಎಸ್‌ಯು ಕಲಂ ಹೇಳುತ್ತಿದ್ದದ್ದು ವರ್ಷಕ್ಕೆ 50 ಕೋಟಿ ದಾಟಿದ ವ್ಯವಹಾರಗಳಿಗೆ. ಶೆಟ್ಟರ ಅಂಗಡಿಗೂ ಆ ಅಂಕಿಗೂ ಎಷ್ಟು ದೂರ! ಕಾನೂನಿನ ಕಣ್ಣಲ್ಲಿ ಹಣ ಎಂದರೆ ನೋಟು, ನಾಣ್ಯ. ಫೋನಿನಲ್ಲಿ ಕಟ್ಟುವುದು ಗಿರಾಕಿಯ ಅನುಕೂಲವೇ ಹೊರತು ಹಕ್ಕಲ್ಲ. ಆದರೆ ಎಂಟು ವರ್ಷದ ಅಭ್ಯಾಸ ಅದನ್ನು ಹಕ್ಕಿನ ಹಾಗೆ ಮಾಡಿಬಿಟ್ಟಿದೆ. 2025ರ ಜೂನ್ ಒಂದೇ ತಿಂಗಳಲ್ಲಿ ದೇಶದಲ್ಲಿ 1,839 ಕೋಟಿ ಯುಪಿಐ ವಹಿವಾಟು ನಡೆದಿತ್ತು. ಆ ಅಭ್ಯಾಸ ಮಾಡಿಸಿದವರಲ್ಲಿ ಶೆಟ್ಟರೂ ಒಬ್ಬರು. 2016ರ ನೋಟು ರದ್ದತಿಯ ಮರುವರ್ಷ ಇದೇ ಗಾಜಿನ ಮೇಲೆ ‘ಚಿಲ್ಲರೆ ಇಲ್ಲ, ದಯವಿಟ್ಟು ಸ್ಕ್ಯಾನ್ ಮಾಡಿ’ ಎಂದು ಅಂಟಿಸಿದ್ದು ನನಗೆ ನೆನಪಿದೆ.

ಚಿಲ್ಲರೆ ಎಂದರೆ ಅರ್ಧ ಲೀಟರ್ ಹಾಲಿನ 24 ರೂಪಾಯಿ. ಐವತ್ತು ಕೊಟ್ಟರೆ 26 ವಾಪಸ್. ಹತ್ತರ ನೋಟು ಸಿಗುವುದಿಲ್ಲ, ಒಂದರ ನಾಣ್ಯ ಇರುವುದಿಲ್ಲ. ಯುಪಿಐ ಬಂದಮೇಲೆ ಕಾಣೆಯಾಗಿದ್ದ ಚಾಕ್ಲೇಟಿನ ಡಬ್ಬ ಆ ವಾರ ಮತ್ತೆ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬಂತು. “ನನಗೆ ಶುಗರ್ ಇದೆಯಪ್ಪ, ಒಂದು ರೂಪಾಯಿ ಕೊಡು” ಎಂದು ಅಜ್ಜಿಯೊಬ್ಬರು ಪಟ್ಟು ಹಿಡಿದು ನಿಂತರು. ಶೆಟ್ಟರು ಗಲ್ಲಾ ತಡಕಾಡಿ ಕೊಟ್ಟರು.

ಹತ್ತು ವರ್ಷ ಹಿಂದೆ, ಬೇರೆ ಊರಲ್ಲಿ

ಅಂಗಡಿ ಒಲ್ಲೆ ಅನ್ನುವುದು, ಗಿರಾಕಿ ಸಿಟ್ಟಾಗುವುದು ಹೊಸದೇನಲ್ಲ. 2014ರ ಅಕ್ಟೋಬರ್ 20ರಂದು ಅಮೆರಿಕದಲ್ಲಿ ಆಪಲ್ ಪೇ ಶುರುವಾಯಿತು. ವಾರ ಕಳೆಯುವುದರೊಳಗೆ ಸಿವಿಎಸ್ ಮತ್ತು ರೈಟ್ ಏಯ್ಡ್ ಎಂಬ ದೊಡ್ಡ ಔಷಧಿ ಅಂಗಡಿ ಸರಪಳಿಗಳು ತಮ್ಮ ಯಂತ್ರಗಳಲ್ಲಿ ಫೋನ್ ತಾಗಿಸಿ ಕಟ್ಟುವ ಸೌಲಭ್ಯವನ್ನೇ ಆರಿಸಿಬಿಟ್ಟವು. ಗಿರಾಕಿಗಳು ಬಹಿಷ್ಕಾರದ ಮಾತಾಡಿದರು, ಆಪಲ್ ಪೇ ತೆಗೆದುಕೊಳ್ಳುತ್ತಿದ್ದ ವಾಲ್‌ಗ್ರೀನ್ಸ್‌ಗೆ ಹೋಗುತ್ತೇವೆ ಎಂದರು. ಆ ಸರಪಳಿಗಳು ವಾಲ್‌ಮಾರ್ಟ್ ಮೊದಲಾದವರ ಜೊತೆ ಸೇರಿ ಕರೆಂಟ್‌ಸಿ ಎಂಬ ತಮ್ಮದೇ ಆ್ಯಪ್ ಕಟ್ಟುತ್ತಿದ್ದವು. ಅದರ ಕೆಲಸವೇನು? ಕಾರ್ಡ್ ಶುಲ್ಕ ತಪ್ಪಿಸಲು, ಕ್ಯೂಆರ್ ಕೋಡ್ ತೋರಿಸಿ ಬ್ಯಾಂಕ್ ಖಾತೆಯಿಂದ ನೇರ ಹಣ ಎಳೆಯುವುದು. ಅಲ್ಲಿನವರಿಗೆ ಅದು ಹಿಡಿಸಲೇ ಇಲ್ಲ, 2016ರ ಜೂನ್‌ನಲ್ಲಿ ಅದು ಮುಚ್ಚಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಇಲ್ಲಿ ಯುಪಿಐ ಶುರುವಾಗಿತ್ತು. ರೈಟ್ ಏಯ್ಡ್ 2015ರಲ್ಲೇ ಮಣಿಯಿತು, ಸಿವಿಎಸ್ ಬಾಗಿಲು ತೆರೆಯಲು 2018 ಆಯಿತು.

ಅಲ್ಲಿ ಗಿರಾಕಿಯ ಎದುರಿಗಿದ್ದದ್ದು ಒಂದು ಕಂಪನಿ. ಬಯ್ದರೂ ಬಿಟ್ಟುಹೋದರೂ ಮುಲಾಜಿಲ್ಲ. ನಮ್ಮ ಬೀದಿಯಲ್ಲಿ ಹಾಗಾಗಲಿಲ್ಲ, ಎದುರಿಗಿದ್ದದ್ದು ಮುಖಪರಿಚಯದ ಮನುಷ್ಯ. ಆದರೆ ಹೆಸರಿನ ಪರಿಚಯವಿತ್ತೇ?

ಕೆಂಪು ಹೆಲ್ಮೆಟ್, ಎರಡು ಟೀ

ಎರಡನೇ ದಿನದ ಮಧ್ಯಾಹ್ನ ಶೆಟ್ಟರು ಅರವತ್ತು ಪುಟದ ಒಂದು ನೋಟ್‌ಬುಕ್ ತಂದು ಗಲ್ಲಾದ ಮೊಳೆಗೆ ದಾರ ಕಟ್ಟಿ ನೇತುಹಾಕಿದರು. ಕುಡಿದಾದ ಮೇಲೆ ಕ್ಯಾಶ್ ಇಲ್ಲ ಎಂದವರಿಗೆ “ನಾಳೆ ಕೊಡಿ, ಬರ್ಕೊಳ್ತೇನೆ” ಎನ್ನತೊಡಗಿದರು. ಬರೆಯಲು ಕೂತಾಗ ಗೊತ್ತಾಯಿತು, ವರ್ಷಗಟ್ಟಲೆ ದಿನಾ ಬರುವವರ ಹೆಸರೇ ಗೊತ್ತಿಲ್ಲ. ಸೌಂಡ್‌ಬಾಕ್ಸ್ ಇಷ್ಟು ರೂಪಾಯಿ ಬಂತು ಎನ್ನುತ್ತದೆ, ಯಾರದು ಎನ್ನುವುದಿಲ್ಲ. ಕೇಳಲು ಅವರಿಗೆ ಸಂಕೋಚ, ಇಷ್ಟು ವರ್ಷದ ಮೇಲೆ ಈಗ ಹೆಸರು ಕೇಳುವುದು ಹೇಗೆ? ಹಾಗಾಗಿ ಪುಟದ ತುಂಬ ಹೀಗಿತ್ತು: ‘ಕೆಂಪು ಹೆಲ್ಮೆಟ್, 2 ಟೀ 1 ಬನ್.’ ‘ಗಡ್ಡ, ಬ್ಯಾಂಕಿನವರು, 30.’ ‘ಪಿಜಿ ಹುಡುಗಿ ಕನ್ನಡಕ, ದಿಲ್‌ಪಸಂದ್.’ ‘ನಾಯಿ ಸರ್, ಹಾಲು 1 ಲೀ.’ ಕೊನೆಯದು ನಮ್ಮ ಮೇಲ್ಮನೆಯವರು. ಅವರಿಗೆ ನಾನು ಹೇಳಿಲ್ಲ.

ಈ ನೋಟ್‌ಬುಕ್ ಬಂದಮೇಲೆ ಗಿರಾಕಿಗಳ ವರಸೆ ಬದಲಾದದ್ದು ಕಣ್ಣಿಗೆ ಕಂಡಿತು. ಹಿಂದಿನ ದಿನ ‘ಇದು ಬೋರ್ಡಾ’ ಎಂದು ರೇಗಿದ್ದವರೇ ಮರುದಿನ ಹತ್ತರ ಮೂರು ನೋಟು ತಂದು “ನಿನ್ನೆದೂ ಸೇರಿಸ್ಕೊಳಿ” ಎಂದರು. ತೆರಿಗೆಯ ಬಗ್ಗೆ ವಾದ ಮಾಡಿದವರೂ ಬರೆಸಿದರು. ಅವರ ಅಭಿಪ್ರಾಯವೇನೂ ಬದಲಾಗಲಿಲ್ಲ, ಶುಕ್ರವಾರವೂ ಅದೇ ವಾದ ಮುಂದುವರಿಯಿತು. ಆದರೆ ವಾದ ಬೇರೆ, ಚಹಾ ಬೇರೆ ಎಂಬಂತೆ ಅದು ನಡೆಯಿತು.

ಎಲ್ಲರೂ ಹಾಗೆ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಗಲಾಟೆ ಮಾಡದೆ ಹೋದವರು ಹೋಗಿಯೇಬಿಟ್ಟರು. ಸಂಜೆ ಹಾಲು, ಬ್ರೆಡ್ಡು ಒಯ್ಯುತ್ತಿದ್ದ ಕೆಲವು ಮನೆಗಳು ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ಗಳಿಗೆ ಹೊರಳಿದವು. ಜಗಳ ಆಡಿದವರಲ್ಲಿ ಹೆಚ್ಚಿನವರು ತಿರುಗಿ ಬಂದರು. ಸುಮ್ಮನೆ ಪ್ಯಾಕೆಟ್ ಕೆಳಗಿಟ್ಟು ಹೋಗಿದ್ದ ದಂಪತಿಯನ್ನು ನಾನು ಆಮೇಲೆ ಅಲ್ಲಿ ಕಂಡಿಲ್ಲ.

ಹಾಳೆ ಇಳಿದದ್ದು

ಎರಡನೇ ವಾರ ವ್ಯಾಪಾರಿಗಳು ಕಪ್ಪುಪಟ್ಟಿ ಕಟ್ಟಿದರು. ಹಾಲು, ಚಹಾ ಮಾರುವುದಿಲ್ಲ ಎಂಬ ಕರೆಯೂ, 25ಕ್ಕೆ ಬಂದ್ ಎಂಬ ಘೋಷಣೆಯೂ ಬಂದವು. ನೋಟಿಸ್ ಕಳಿಸಿದ್ದು ರಾಜ್ಯದ ಇಲಾಖೆ, ಜಿಎಸ್‌ಟಿ ಮಂಡಳಿ ಇರುವುದು ಕೇಂದ್ರ ಹಣಕಾಸು ಸಚಿವರ ಅಧ್ಯಕ್ಷತೆಯಲ್ಲಿ. ಎರಡೂ ಕಡೆಯವರು ಬೆರಳು ತೋರಿಸಿಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದರು. ಬಂದ್ ಕೈಬಿಟ್ಟರು.

ಶೆಟ್ಟರು ಇನ್ನೂ ಎರಡು ದಿನ ಕಾದರು. ಶುಕ್ರವಾರ ಸಂಜೆ ಸೆಲ್ಲೋಟೇಪನ್ನು ಉಗುರಿನಿಂದ ಕೆರೆದು ಕಿತ್ತರು. ಕ್ಯೂಆರ್‌ನ ಒಂದು ಮೂಲೆ ಟೇಪಿನ ಜೊತೆಗೇ ಎದ್ದು ಬಂತು, ಆದರೂ ಸ್ಕ್ಯಾನ್ ಆಗುತ್ತಿತ್ತು. ಬ್ರೆಡ್ ಟ್ರೇ ಹಿಂದಿನಿಂದ ಸೌಂಡ್‌ಬಾಕ್ಸ್ ಹೊರಬಂತು. ಮೊದಲು ಹದಿನೈದು ರೂಪಾಯಿ ಕಟ್ಟಿದ ಹುಡುಗ ಅದು ಕೂಗುವವರೆಗೂ ನಿಂತು ಕೇಳಿ, ಆಮೇಲೆ ಹೋದ.

ತಿಂಗಳು ಕಳೆದು ಅಂಗಡಿಯ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹೊಸ ಸಾಲು ಬಂದಿದೆ. ರಾಜಿ ತೆರಿಗೆ ಪದ್ಧತಿಗೆ ಸೇರಿದವರು ಹಾಗೆಂದು ಬೋರ್ಡಿನಲ್ಲಿ ಬರೆಸಬೇಕು, ಗಿರಾಕಿಯಿಂದ ಪ್ರತ್ಯೇಕ ತೆರಿಗೆ ವಸೂಲಿ ಮಾಡಬಾರದು ಎಂಬ ನಿಯಮವಿದೆ. ಗಾಜಿನ ಮೇಲಿದ್ದ ಹಾಳೆಗೆ ಅಷ್ಟು ಗಲಾಟೆ ಮಾಡಿದ ಬೀದಿಯಲ್ಲಿ ಈ ಸಾಲನ್ನು ನೋಡಿ ಪ್ರಶ್ನೆ ಕೇಳಿದ್ದು ಅಜ್ಜಿ ಒಬ್ಬರೇ, “ಏನಪ್ಪಾ, ಅಂಗಡಿ ಮಾರಿಬಿಟ್ಯಾ?”

ನೋಟ್‌ಬುಕ್ ಇನ್ನೂ ಮೊಳೆಗೆ ನೇತಾಡುತ್ತಿದೆ. ಬಾಕಿಯೆಲ್ಲ ಚುಕ್ತಾ ಆಗಿ ಗೆರೆ ಎಳೆದಾಗಿದೆ, ಒಂದು ಬಿಟ್ಟು. ಕೆಂಪು ಹೆಲ್ಮೆಟ್ಟಿನ ಎರಡು ಟೀ, ಒಂದು ಬನ್ನು. ಆ ಹುಡುಗ ಮತ್ತೆ ಬಂದಿಲ್ಲ. ಹೋಗಲಿ ಬಿಡಿ, ಗೆರೆ ಎಳೆದುಬಿಡಿ ಎಂದರೆ ಶೆಟ್ಟರು ಕೇಳುವುದಿಲ್ಲ. “ಇರ್ಲಿ ಸರ್, ರೂಟ್ ಚೇಂಜ್ ಆಗಿರ್ಬೇಕು ಅವ್ನಿಗೆ” ಎನ್ನುತ್ತಾರೆ.